ಅಪಾಚೆ, ಎಂಜಿನ್‌ಎಕ್ಸ್, ಕ್ಯಾಡಿ: ಸುರಕ್ಷಿತ ಸಂಪರ್ಕಕ್ಕೆ ಯಾವ ವೆಬ್ ಸರ್ವರ್ ಆರಿಸಿಕೊಳ್ಳಬೇಕು?

ತುಮಕೂರಿನ ಒಂದು ಪದವಿ ಕಾಲೇಜು ಪ್ರವೇಶದ ಅರ್ಜಿಗಳನ್ನು ಇನ್ನು ಮುಂದೆ ಜಾಲತಾಣದ ಮೂಲಕವೇ ತೆಗೆದುಕೊಳ್ಳಲು ತೀರ್ಮಾನಿಸಿದೆ. ಶ್ರೀನಿವಾಸಪುರದ ಮಾವಿನ ಮಂಡಿಯೊಂದು ಆಯಾ ದಿನದ ತೂಕ ಮತ್ತು ಪಟ್ಟಿಯನ್ನು ರೈತರ ಮೊಬೈಲಿಗೇ ತೋರಿಸುವ ಪುಟ್ಟ ವೆಬ್ ತಂತ್ರಾಂಶ ಮಾಡಿಸಿಕೊಂಡಿದೆ. ಚಿಂತಾಮಣಿಯ ಸಹಕಾರ ಸಂಘವೊಂದರಲ್ಲಿ ಸದಸ್ಯರ ಸಾಲದ ಲೆಕ್ಕ ಹಳೆಯ ವಿಂಡೋಸ್ ಯಂತ್ರವೊಂದರ ಮೇಲೆ ನಡೆಯುತ್ತಿದೆ. ಈ ಮೂರೂ ಕಡೆಯವರು ಬೇರೆ ಬೇರೆ ಮಾತಿನಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಬ್ರೌಸರ್ ‘ಸುರಕ್ಷಿತವಲ್ಲ’ ಎಂದು ಹೇಳದಂತೆ, ಒಳಗಿನ ಮಾಹಿತಿ ಹಾದಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಇರಬೇಕಾದರೆ ಯಾವ ವೆಬ್ ಸರ್ವರ್ (ಬ್ರೌಸರ್ ಕೇಳಿದ ಪುಟವನ್ನು ಕಳುಹಿಸಿಕೊಡುವ ತಂತ್ರಾಂಶ) ಹಾಕಿಸಬೇಕು? ಒಬ್ಬರು ಅಪಾಚೆ ಎನ್ನುತ್ತಾರೆ, ಇನ್ನೊಬ್ಬರು ಎಂಜಿನ್‌ಎಕ್ಸ್ ಎನ್ನುತ್ತಾರೆ, ಹೊಸ ಹುಡುಗರು ಕ್ಯಾಡಿ ಎನ್ನುತ್ತಾರೆ. ಈ ಮೂರು ಜಿಲ್ಲೆಗಳ ಕೆಲವು ಸಂಸ್ಥೆಗಳ ಸರ್ವರ್‌ಗಳನ್ನು ನೋಡಿಕೊಳ್ಳುವವನಾಗಿ, ಅವರವರ ಅಗತ್ಯಕ್ಕೆ ತಕ್ಕಂತೆ ತೂಗಿ ನೋಡಲು ಅನುಕೂಲವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಆರಂಭದಲ್ಲೇ ಒಂದು ಗೊಂದಲವನ್ನು ಬಿಡಿಸಬೇಕು. ಟೆಂಡರ್ ಹಾಕುವಾಗ, ತೆರಿಗೆಯ ಕಾಗದ ಸಲ್ಲಿಸುವಾಗ ಕಂಪ್ಯೂಟರಿಗೆ ಚುಚ್ಚುವ ಡಿಜಿಟಲ್ ಸಹಿಯ ಟೋಕನ್ ಬೇರೆ, ಜಾಲತಾಣದ ಸರ್ಟಿಫಿಕೇಟ್ ಬೇರೆ. ಮೊದಲನೆಯದು ವ್ಯಕ್ತಿಯ ಸಹಿ. ಎರಡನೆಯದು ಈ ಸರ್ವರ್ ಈ ಡೊಮೈನ್ ಹೆಸರಿನದೇ ಎಂದು ಬ್ರೌಸರಿಗೆ ಸಾಕ್ಷಿ ಹೇಳುವ ಕಡತ. ‘ಟೋಕನ್ ನಮ್ಮಲ್ಲಿದೆಯಲ್ಲ, ಅದನ್ನೇ ಹಾಕಿ’ ಎಂದು ಸಂಘದ ಕಾರ್ಯದರ್ಶಿಗಳು ನನ್ನ ಕೈಗೆ ಟೋಕನ್ ಕೊಟ್ಟದ್ದು ಒಂದೆರಡು ಸಲವಲ್ಲ.

ಯಾವುದನ್ನು ಅಳೆಯಬೇಕು

ಹೆಚ್ಚಿನವರು ಮೊದಲು ಕೇಳುವುದು ‘ಯಾವುದರ ಎನ್‌ಕ್ರಿಪ್ಷನ್ ಗಟ್ಟಿ?’ ಎಂದು. ಈ ಪ್ರಶ್ನೆಗೆ ಈಗ ಹೆಚ್ಚು ಬೆಲೆಯಿಲ್ಲ. ಸಂಪರ್ಕವನ್ನು ಗೂಢಗೊಳಿಸುವ (ಎನ್‌ಕ್ರಿಪ್ಟ್ ಮಾಡುವ) ಕ್ರಮಕ್ಕೆ ಟಿಎಲ್‌ಎಸ್ ಎಂದು ಹೆಸರು, ಅದರ 1.2 ಆವೃತ್ತಿ 2008ರಲ್ಲಿ, 1.3 ಆವೃತ್ತಿ 2018ರಲ್ಲಿ ಬಂದವು; 1.0 ಮತ್ತು 1.1 ಆವೃತ್ತಿಗಳನ್ನು 2021ರಲ್ಲಿ ಅಧಿಕೃತವಾಗಿ ಕೈಬಿಡಲಾಯಿತು. ಇಲ್ಲಿ ನಾನು ಚರ್ಚಿಸುವ ಎಲ್ಲ ಸರ್ವರ್‌ಗಳ ಈಚಿನ ಆವೃತ್ತಿಗಳೂ 1.2 ಮತ್ತು 1.3ನ್ನು ಬಲ್ಲವು. ಸರಿಯಾಗಿ ಹೊಂದಿಸಿದ ಅಪಾಚೆಗೂ ಸರಿಯಾಗಿ ಹೊಂದಿಸಿದ ಕ್ಯಾಡಿಗೂ ನಡುವೆ ಬೀಗದ ಗಟ್ಟಿತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು, ಯಾರೂ ಆರು ತಿಂಗಳು ತಿರುಗಿ ನೋಡದಿದ್ದರೆ ಅದು ಯಾವ ಸ್ಥಿತಿಯಲ್ಲಿರುತ್ತದೆ ಎಂಬುದರಲ್ಲಿ.

ಆದ್ದರಿಂದ ನನ್ನ ಮೊದಲ ಅಳತೆಗೋಲು ಸರ್ಟಿಫಿಕೇಟಿನ ನವೀಕರಣ. ಹಿಂದೆ ವರ್ಷಕ್ಕೊಮ್ಮೆ ಹಣ ಕಟ್ಟಿ, ಬಂದ ಕಡತವನ್ನು ಸರ್ವರಿಗೆ ಹಾಕಿ ಮರೆತುಬಿಡಬಹುದಾಗಿತ್ತು. ಬ್ರೌಸರ್ ತಯಾರಕರೂ ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರಗಳೂ ಸೇರಿ 2025ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡ ವೇಳಾಪಟ್ಟಿಯಂತೆ, 398 ದಿನವಿದ್ದ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನಕ್ಕೆ, 2027ರ ಮಾರ್ಚ್ 15ರಿಂದ 100 ದಿನಕ್ಕೆ, 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಯುತ್ತದೆ. ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರ್ಟಿಫಿಕೇಟ್‌ಗಳದ್ದು 2015ರಿಂದಲೂ 90 ದಿನದ ಲೆಕ್ಕ. ಅವಧಿ ಮುಗಿಯುತ್ತಿದೆಯೆಂದು ಅದು ಕಳುಹಿಸುತ್ತಿದ್ದ ಇಮೇಲ್‌ಗಳೂ 2025ರ ಜೂನ್‌ನಲ್ಲಿ ನಿಂತಿವೆ. ಅಂದರೆ ಕೈಯಿಂದ ಮಾಡುವ ನವೀಕರಣದ ಕಾಲ ಮುಗಿಯಿತೆಂದೇ ತಿಳಿಯಬೇಕು.

ಎರಡನೆಯದು, ನೋಡಿಕೊಳ್ಳುವವರು ಯಾರು. ತುಮಕೂರಿನಲ್ಲಿ ಸರ್ವರ್ ಕೆಲಸ ಬಲ್ಲ ಹುಡುಗರಿಗೆ ಕೊರತೆಯಿಲ್ಲ. ಆದರೆ ಅವರಲ್ಲಿ ಬಹುಪಾಲು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರು. ಮೂರನೆಯದು, ಸರ್ವರಿನ ಹಿಂದೆ ಓಡುವ ತಂತ್ರಾಂಶ ಯಾವ ಬಗೆಯದು: ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ಸೋ, ಪಿಎಚ್‌ಪಿ ಭಾಷೆಯಲ್ಲಿ ಬರೆದ ಹಳೆಯದೋ, ಮೈಕ್ರೋಸಾಫ್ಟಿನ ಡಾಟ್‌ನೆಟ್ಟೋ. ನಾಲ್ಕನೆಯದು, ಯಂತ್ರದ ಮೆಮೊರಿ. ತಿಂಗಳಿಗೆ 500 ರೂಪಾಯಿಯ ಆಸುಪಾಸಿನಲ್ಲಿ ಬಾಡಿಗೆಗೆ ಸಿಗುವ 1 ಜಿಬಿ ಯಂತ್ರದಲ್ಲಿ ಡೇಟಾಬೇಸ್ ಕೂಡ ಇರಬೇಕಾದರೆ ಇದು ದೊಡ್ಡ ಮಾತೇ. ಕೊನೆಯದಾಗಿ ಲಾಗ್, ಅಂದರೆ ಯಾರು ಯಾವಾಗ ಏನು ಕೇಳಿದರೆಂದು ಸರ್ವರ್ ಬರೆದಿಡುವ ದಾಖಲೆ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕು. ಕಾರಣವನ್ನು ಮುಂದೆ ಹೇಳುತ್ತೇನೆ.

ಅಪಾಚೆ

1995ರಿಂದ ಬಳಕೆಯಲ್ಲಿರುವ, ಇಂದಿಗೂ 2.4ರ ಸಾಲಿನಲ್ಲೇ ಹೊಸ ಆವೃತ್ತಿಗಳು ಬರುತ್ತಿರುವ ಅಪಾಚೆಯ ದೊಡ್ಡ ಆಸ್ತಿಯೆಂದರೆ ಪರಿಚಯ. ನಮ್ಮ ಕಡೆಯ ಕಾಲೇಜುಗಳ ಪ್ರಯೋಗಾಲಯದಲ್ಲಿ ಕಲಿತವರು ಮೊದಲು ಕೈಯಾಡಿಸಿರುವುದು ಇದರ ಮೇಲೆಯೇ. ವರ್ಡ್‌ಪ್ರೆಸ್, ಆನ್‌ಲೈನ್ ಪಾಠಕ್ಕೆ ಬಳಸುವ ಮೂಡಲ್‌ನಂಥ ಪಿಎಚ್‌ಪಿ ತಂತ್ರಾಂಶಗಳ ಸೂಚನೆಗಳಲ್ಲಿ ಇದಕ್ಕೆ ತಪ್ಪದೆ ಜಾಗವಿರುತ್ತದೆ. ಇದರ ವಿಶೇಷವೆಂದರೆ ‘ಎಚ್‌ಟಿ ಆ್ಯಕ್ಸೆಸ್’ ಕಡತ: ಸರ್ವರಿನ ಮುಖ್ಯ ಹೊಂದಿಕೆಯನ್ನು (ಕಾನ್ಫಿಗರೇಶನ್) ಮುಟ್ಟದೆ, ಆಯಾ ಫೋಲ್ಡರಿನೊಳಗೇ ಒಂದು ಕಡತವಿಟ್ಟು ಅದರ ನಿಯಮಗಳನ್ನು ಬದಲಾಯಿಸಬಹುದು. ಒಂದೇ ಸರ್ವರಿನಲ್ಲಿ ಐದಾರು ವಿಭಾಗಗಳು ತಮ್ಮ ತಮ್ಮ ಪುಟಗಳನ್ನು ತಾವೇ ನೋಡಿಕೊಳ್ಳುವ ಕಾಲೇಜಿಗೆ ಇದು ನಿಜವಾದ ಅನುಕೂಲ.

ಇದೇ ಕಡತ ಸರ್ವರ್ ಬದಲಾಯಿಸುವಾಗ ಬಲೆಯೂ ಆಗುತ್ತದೆ. ಅನೇಕ ಪ್ಲಗಿನ್‌ಗಳು (ತಂತ್ರಾಂಶಕ್ಕೆ ಸೇರಿಸುವ ಹೆಚ್ಚುವರಿ ತುಣುಕುಗಳು), ಅಪ್‌ಲೋಡ್ ಆದ ಕಡತಗಳನ್ನು ಹೊರಗಿನವರು ನೇರವಾಗಿ ತೆರೆಯಬಾರದೆಂಬ ತಡೆಯನ್ನು ಈ ಕಡತದೊಳಗೇ ಬರೆದಿಡುತ್ತವೆ. ಎಂಜಿನ್‌ಎಕ್ಸ್ ಆಗಲಿ ಕ್ಯಾಡಿಯಾಗಲಿ ಅದನ್ನು ಓದುವುದೇ ಇಲ್ಲ. ‘ವೇಗ ಹೆಚ್ಚುತ್ತದೆ’ ಎಂಬ ಮಾತು ಕೇಳಿ ಒಂದು ರಾತ್ರಿಯಲ್ಲಿ ಅಪಾಚೆಯನ್ನು ತೆಗೆದರೆ, ಪುಟಗಳೆಲ್ಲ ಸರಿಯಾಗಿಯೇ ತೆರೆದುಕೊಳ್ಳುತ್ತವೆ. ಜೊತೆಗೆ ವಿದ್ಯಾರ್ಥಿಗಳ ಅಂಕಪಟ್ಟಿ, ಆಧಾರ್ ಪ್ರತಿಗಳಿದ್ದ ಫೋಲ್ಡರ್ ಕೂಡ ತೆರೆದುಕೊಂಡಿರುತ್ತದೆ. ಹಾದಿಯಲ್ಲಿ ಎಷ್ಟೇ ಬಲವಾದ ಬೀಗ ಹಾಕಿದ್ದರೂ ಮನೆಯ ಹಿತ್ತಿಲ ಬಾಗಿಲು ತೆಗೆದಿದ್ದಂತೆ ಇದು.

ನವೀಕರಣಕ್ಕೆ ಅಪಾಚೆಯಲ್ಲಿ ಎರಡು ದಾರಿಗಳಿವೆ. ಸರ್ಟ್‌ಬಾಟ್ ಎಂಬ ಪ್ರತ್ಯೇಕ ತಂತ್ರಾಂಶವನ್ನು ಜೊತೆಗಿಡುವುದು ಹೆಚ್ಚು ಜನ ಹಿಡಿದಿರುವ ದಾರಿ. ಅಪಾಚೆಯೊಳಗೇ ಇರುವ ‘ಮಾಡ್ ಎಂಡಿ’ ಎಂಬ ಮಾಡ್ಯೂಲ್ ಎರಡನೆಯದು. ಅದು ಸರ್ಟಿಫಿಕೇಟನ್ನು ತಾನೇ ತರಿಸಿಕೊಳ್ಳುತ್ತದೆ, ಆದರೆ ಹೊಸದು ಬಳಕೆಗೆ ಬರಲು ಸರ್ವರನ್ನು ರೀಲೋಡ್ ಮಾಡುವ (ಕಡತಗಳನ್ನು ಮತ್ತೆ ಓದಿಸುವ) ಏರ್ಪಾಡನ್ನು ನಾವು ಮಾಡಿರಬೇಕು. ಈ ಮಾಡ್ಯೂಲಿನ ಹೆಸರು ಕೇಳಿರುವವರೇ ಕಡಿಮೆ.

ಮೆಮೊರಿಯ ವಿಷಯದಲ್ಲಿ ಅಪಾಚೆಗೆ ಕೆಟ್ಟ ಹೆಸರು ಬಂದಿರುವುದಕ್ಕೆ ಅರ್ಧ ಕಾರಣ ಹಳೆಯ ಹೊಂದಿಕೆ. ಪ್ರತಿ ಸಂಪರ್ಕಕ್ಕೂ ಒಂದು ಪ್ರಕ್ರಿಯೆ, ಪ್ರತಿ ಪ್ರಕ್ರಿಯೆಯೊಳಗೂ ಪಿಎಚ್‌ಪಿಯ ಇಡೀ ಮೂಟೆ ಎಂಬ ‘ಪ್ರೀಫೋರ್ಕ್’ ಕ್ರಮವನ್ನು ಬಿಟ್ಟು, ‘ಈವೆಂಟ್’ ಕ್ರಮಕ್ಕೆ ಬಂದು ಪಿಎಚ್‌ಪಿಯನ್ನು ಬೇರೆಯಾಗಿ ಓಡಿಸಿದರೆ ಅದೇ ಯಂತ್ರ ಎಷ್ಟೋ ಹಗುರಾಗುತ್ತದೆ. ಸರ್ವರ್ ಬದಲಾಯಿಸಬೇಕೆಂದು ಬಂದ ಎಷ್ಟೋ ಕಡೆ ನಾನು ಇಷ್ಟನ್ನೇ ಮಾಡಿ ಕೈತೊಳೆದುಕೊಂಡಿದ್ದೇನೆ. ಹಳೆಯದು ಎಂದ ಮಾತ್ರಕ್ಕೆ ಅಪ್‌ಡೇಟ್ ಬೇಡವೆಂದಲ್ಲ: 2021ರ ಅಕ್ಟೋಬರಿನಲ್ಲಿ 2.4.49ರಲ್ಲಿ ಕಂಡ ದೋಷ ಜಾಲತಾಣದ ಫೋಲ್ಡರಿನ ಹೊರಗಿನ ಕಡತಗಳನ್ನೂ ಹೊರಗಿನವರಿಗೆ ತೋರಿಸಬಲ್ಲದ್ದಾಗಿತ್ತು, ಅದಕ್ಕೆಂದು ಬಂದ 2.4.50 ಪೂರ್ತಿ ಪರಿಹಾರವಾಗದೆ ಕೆಲವೇ ದಿನಗಳಲ್ಲಿ 2.4.51 ಬರಬೇಕಾಯಿತು.

ಎಂಜಿನ್‌ಎಕ್ಸ್

ಇಗೋರ್ ಸಿಸೊಯೆವ್ ಬರೆದು 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್, ಒಂದೇ ಸಮಯಕ್ಕೆ ಸಾವಿರಾರು ಸಂಪರ್ಕಗಳನ್ನು ಕೆಲವೇ ಪ್ರಕ್ರಿಯೆಗಳಲ್ಲಿ ನಿಭಾಯಿಸಬೇಕೆಂಬ ಉದ್ದೇಶದಿಂದಲೇ ಹುಟ್ಟಿದ್ದು. 2019ರಿಂದ ಅದು ಎಫ್‌ಫೈವ್ ಕಂಪನಿಯ ಒಡೆತನದಲ್ಲಿದೆ. ಉಚಿತ ಆವೃತ್ತಿ ಮುಕ್ತ ಪರವಾನಗಿಯಲ್ಲೇ ಮುಂದುವರಿದಿದೆ. ಹಿಂದಿರುವ ತಂತ್ರಾಂಶ ನೋಡ್, ಪೈಥಾನ್, ಜಾವಾ ಯಾವುದರಲ್ಲೇ ಬರೆದದ್ದಾಗಿರಲಿ, ಮುಂದೆ ನಿಂತು ಎನ್‌ಕ್ರಿಪ್ಷನ್ ಕೆಲಸವನ್ನೆಲ್ಲ ತಾನು ಹೊತ್ತುಕೊಂಡು ಕೋರಿಕೆಗಳನ್ನು ಒಳಕ್ಕೆ ದಾಟಿಸುವ ಕಾವಲುಗಾರನ ಕೆಲಸಕ್ಕೆ ಇದು ಹೇಳಿ ಮಾಡಿಸಿದಂತಿದೆ. ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಮಾರುಕಟ್ಟೆಯ ಹರಾಜಿನ ಹೊತ್ತಿಗೆ ನೂರಾರು ಜನ ಏಕಕಾಲಕ್ಕೆ ದರ ನೋಡಲು ಪುಟ ತೆರೆಯುವಂಥ ಕಡೆ, 1 ಜಿಬಿ ಯಂತ್ರದಲ್ಲಿ ಇದರಷ್ಟು ನಿರಾಳವಾಗಿ ಉಸಿರಾಡುವ ಸರ್ವರ್ ನನ್ನ ಅನುಭವದಲ್ಲಿ ಇನ್ನೊಂದಿಲ್ಲ.

ಆದರೆ ಇದು ಗಮನ ಬೇಡುವ ಸರ್ವರ್. ಇದರ ಹಳೆಯ ಆವೃತ್ತಿಗಳು ಕೈಬಿಟ್ಟ ಟಿಎಲ್‌ಎಸ್ 1.0 ಮತ್ತು 1.1ನ್ನು ತಾವಾಗಿಯೇ ತೆರೆದಿಟ್ಟಿರುತ್ತವೆ. ನೀವು ಹೇಳಿ ಮುಚ್ಚಿಸಬೇಕು. ಭದ್ರತೆಯ ಹೆಡರ್‌ಗಳನ್ನು (ಪುಟದ ಜೊತೆ ಬ್ರೌಸರಿಗೆ ಕಳುಹಿಸುವ ಸೂಚನೆಗಳನ್ನು) ಇಡೀ ತಾಣಕ್ಕೆಂದು ಮೇಲಿನ ಹಂತದಲ್ಲಿ ಬರೆದಿದ್ದು, ಒಳಗಿನ ಯಾವುದೋ ಭಾಗದಲ್ಲಿ ಇನ್ನೊಂದು ಹೆಡರ್ ಸೇರಿಸಿದರೆ, ಆ ಭಾಗಕ್ಕೆ ಮೇಲಿನವೆಲ್ಲ ಸದ್ದಿಲ್ಲದೆ ಇಲ್ಲವಾಗುತ್ತವೆ. ಎಚ್ಚರಿಕೆಯ ಒಂದು ಸಾಲೂ ಬರುವುದಿಲ್ಲ. ಹಲವು ತಾಣಗಳಿರುವ ಸರ್ವರಿನಲ್ಲಿ ಒಂದರ ಸರ್ಟಿಫಿಕೇಟ್ ಕಡತ ಕಾಣೆಯಾಗಿದ್ದರೆ, ರೀಲೋಡ್ ಮಾಡಿದಾಗ ದೋಷ ಹೇಳಿ ಹಳೆಯ ಹೊಂದಿಕೆಯಲ್ಲೇ ಮುಂದುವರಿಯುತ್ತದೆ. ಯಂತ್ರವನ್ನೇ ಆರಿಸಿ ಹಚ್ಚಿದರೆ ಒಂದು ತಾಣದ ತಪ್ಪಿಗೆ ಎಲ್ಲ ತಾಣಗಳೂ ಮಲಗುತ್ತವೆ.

ನವೀಕರಣದಲ್ಲಿ ನಾನೇ ಎಡವಿದ ಪ್ರಸಂಗವೊಂದಿದೆ. ಒಂದು ಸಂಸ್ಥೆಯಲ್ಲಿ ಸರ್ಟ್‌ಬಾಟ್ ಮೂಲಕ ಸರ್ಟಿಫಿಕೇಟ್ ತಾನಾಗಿ ಹೊಸದಾಗುವಂತೆ ಮಾಡಿದ್ದೆ. ಹೊಸ ಕಡತ ಡಿಸ್ಕಿನಲ್ಲಿ ಸರಿಯಾಗಿ ಬಂದು ಕುಳಿತಿತ್ತು. ಆದರೆ ಬಂದ ಮೇಲೆ ಎಂಜಿನ್‌ಎಕ್ಸ್‌ಗೆ ರೀಲೋಡ್ ಆಗಲು ಹೇಳುವ ಸಾಲನ್ನು ಬರೆಯಲು ಮರೆತಿದ್ದೆ; ಸರ್ವರ್ ಮೆಮೊರಿಯಲ್ಲಿದ್ದ ಹಳೆಯದನ್ನೇ ತೋರಿಸುತ್ತಾ ಹೋಯಿತು. ಅರ್ಜಿ ಸಲ್ಲಿಸುವ ಕೊನೆಯ ದಿನಗಳಲ್ಲೇ ಅವಧಿ ಮುಗಿದು, ಪುಟ ತೆರೆದವರಿಗೆಲ್ಲ ಕೆಂಪು ಎಚ್ಚರಿಕೆ ಕಾಣಿಸಿತು. ನಾನಾಗ ಬೆಂಗಳೂರಿನಿಂದ ಬರುವ ರೈಲಿನಲ್ಲಿದ್ದೆ; ಕ್ಯಾತ್ಸಂದ್ರ ಬರುವ ಹೊತ್ತಿಗೆ ಮೊಬೈಲಿನಿಂದಲೇ ಒಂದು ಸಾಲಿನ ಆಜ್ಞೆ ಕೊಟ್ಟು ಸರಿಪಡಿಸಿದೆನಾದರೂ, ಅಷ್ಟರಲ್ಲಿ ಹದಿನೇಳು ಮಿಸ್ಡ್ ಕಾಲ್ ಬಂದಿದ್ದವು. ಎಂಜಿನ್‌ಎಕ್ಸ್‌ನವರು 2025ರಲ್ಲಿ ಸರ್ಟಿಫಿಕೇಟನ್ನು ಒಳಗಿನಿಂದಲೇ ತರಿಸಿಕೊಳ್ಳುವ ಮಾಡ್ಯೂಲನ್ನು ಹೊರತಂದಿದ್ದಾರೆ. ಅದು ಇನ್ನೂ ಎಳೆಯದು, ನಾನು ಗಿರಾಕಿಗಳ ಯಂತ್ರಕ್ಕೆ ಹಾಕುವ ಧೈರ್ಯ ಮಾಡಿಲ್ಲ.

ಅಪಾಚೆ, ಎಂಜಿನ್‌ಎಕ್ಸ್ ಎರಡಕ್ಕೂ ಅನ್ವಯಿಸುವ ಮತ್ತೊಂದು ಮಾತು. ಸರ್ಟಿಫಿಕೇಟಿನ ಜೊತೆಗೆ ಅದಕ್ಕೆ ಸಹಿ ಹಾಕಿದ ಮಧ್ಯಂತರ ಸರ್ಟಿಫಿಕೇಟನ್ನೂ ಸೇರಿಸಿ ಪೂರ್ತಿ ಸರಪಳಿಯ ಕಡತವನ್ನೇ ಕೊಡಬೇಕು. ಅದನ್ನು ಬಿಟ್ಟರೆ ಕಚೇರಿಯ ಕಂಪ್ಯೂಟರಿನಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ, ಫೋನಿನಲ್ಲಿ ಮಾತ್ರ ತೆರೆಯುವುದಿಲ್ಲ. ದೂರು ಹೇಳಿದ ರೈತನಿಗೆ ‘ನಿಮ್ಮ ಫೋನೇ ಸರಿಯಿಲ್ಲ’ ಎಂಬ ಉತ್ತರ ಸಿಗುತ್ತದೆ.

ಕ್ಯಾಡಿ

ಮ್ಯಾಟ್ ಹೋಲ್ಟ್ ಆರಂಭಿಸಿದ ಕ್ಯಾಡಿ ಮೊದಲು ಬಂದದ್ದು 2015ರಲ್ಲಿ. ಈಗ ಬಳಕೆಯಲ್ಲಿರುವ ಎರಡನೆಯ ಆವೃತ್ತಿ 2020ರದ್ದು. ಉಳಿದವುಗಳಲ್ಲಿ ಎನ್‌ಕ್ರಿಪ್ಷನ್ ನಾವು ಸೇರಿಸುವ ವಸ್ತು; ಇದರಲ್ಲಿ ಅದು ಮೊದಲಿನಿಂದಲೇ ಇರುವ ವಸ್ತು. ಡೊಮೈನ್ ಹೆಸರನ್ನು ಬರೆದು, ಹಿಂದಿರುವ ತಂತ್ರಾಂಶದ ಪೋರ್ಟ್ (ಅದನ್ನು ತಲುಪುವ ಬಾಗಿಲಿನ ಸಂಖ್ಯೆ) ಹೇಳಿದರೆ ಸಾಕು: ಸರ್ಟಿಫಿಕೇಟ್ ತರಿಸುವುದು, ಸಮಯಕ್ಕೆ ಮುನ್ನ ನವೀಕರಿಸುವುದು, ರೀಲೋಡ್ ಇಲ್ಲದೆ ಹೊಸದನ್ನು ಬಳಕೆಗೆ ತರುವುದು, ಎನ್‌ಕ್ರಿಪ್ಷನ್ ಇಲ್ಲದೆ ಬಂದವರನ್ನು ಸುರಕ್ಷಿತ ವಿಳಾಸಕ್ಕೆ ತಿರುಗಿಸುವುದು, ಟಿಎಲ್‌ಎಸ್ 1.2ಕ್ಕಿಂತ ಕೆಳಗಿನದನ್ನು ಒಪ್ಪದಿರುವುದು ಎಲ್ಲವೂ ಅದರದ್ದೇ ಜವಾಬ್ದಾರಿ. ನಾನು ಮೇಲೆ ಹೇಳಿದ ರೈಲಿನ ಪ್ರಸಂಗ ಕ್ಯಾಡಿಯಲ್ಲಿ ನಡೆಯುವ ಹಾಗೇ ಇಲ್ಲ.

ಇನ್ನೊಂದು ಗುಣ ಹೊರಗೆ ಕಾಣದ್ದು. ಅಪಾಚೆ, ಎಂಜಿನ್‌ಎಕ್ಸ್‌ಗಳು ಸಾಮಾನ್ಯವಾಗಿ ಓಪನ್‌ಎಸ್‌ಎಸ್‌ಎಲ್ ಎಂಬ ಸಿ ಭಾಷೆಯ ಗ್ರಂಥಾಲಯವನ್ನು (ಸಿದ್ಧ ಕೋಡಿನ ಸಂಗ್ರಹವನ್ನು) ಅವಲಂಬಿಸಿವೆ. 2014ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂದ ಹಾರ್ಟ್‌ಬ್ಲೀಡ್ ದೋಷ ಅದರದ್ದೇ. ಒಂದೊಂದು ಕೋರಿಕೆಗೆ 64 ಕೆಬಿಯಷ್ಟು ಸರ್ವರ್ ಮೆಮೊರಿ, ಅದರಲ್ಲಿ ಪಾಸ್‌ವರ್ಡ್‌ಗಳು, ಕೆಲವೊಮ್ಮೆ ಸರ್ವರಿನ ಗುಟ್ಟಾದ ಖಾಸಗಿ ಕೀ ಕೂಡ, ಕೇಳಿದವರ ಕೈ ಸೇರಬಹುದಾಗಿತ್ತು. ಕ್ಯಾಡಿ ಗೋ ಭಾಷೆಯಲ್ಲಿದೆ, ಆ ಭಾಷೆಯ ಸ್ವಂತ ಟಿಎಲ್‌ಎಸ್ ಗ್ರಂಥಾಲಯವನ್ನೇ ಬಳಸುತ್ತದೆ. ಮೆಮೊರಿಯ ಗಡಿ ಮೀರಿ ಓದುವ ಈ ಬಗೆಯ ತಪ್ಪಿಗೆ ಆ ಭಾಷೆ ಸುಲಭಕ್ಕೆ ಆಸ್ಪದ ಕೊಡುವುದಿಲ್ಲ. ಬೇರೆ ಬಗೆಯ ದೋಷಗಳಿಗೆ ಇದು ರಕ್ಷೆಯಲ್ಲ ಎಂಬುದನ್ನೂ ನೆನಪಿಡಬೇಕು.

ಇದರ ಕೊರತೆಗಳು ಅನುಕೂಲದ ಬೆನ್ನಿಗೇ ಬರುತ್ತವೆ. ಸರ್ಟಿಫಿಕೇಟ್‌ಗಳನ್ನು ಕ್ಯಾಡಿ ತನ್ನದೇ ಡೇಟಾ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ನಡೆಸುವ ಡಾಕರ್‌ನಲ್ಲಿ ಓಡಿಸುವವರು ಆ ಫೋಲ್ಡರನ್ನು ಹೊರಗೆ ಶಾಶ್ವತವಾಗಿ ಇಡದಿದ್ದರೆ, ಕಂಟೇನರ್ ಹೊಸದಾಗಿ ಎದ್ದಾಗಲೆಲ್ಲ ಹೊಸ ಸರ್ಟಿಫಿಕೇಟ್ ಕೇಳುತ್ತದೆ. ಅದೇ ಹೆಸರುಗಳ ಗುಂಪಿಗೆ ಲೆಟ್ಸ್ ಎನ್‌ಕ್ರಿಪ್ಟ್ ಏಳು ದಿನದಲ್ಲಿ ಕೊಡುವುದು 5 ಮಾತ್ರ. ಪರೀಕ್ಷೆ ಮಾಡುತ್ತಾ ಒಂದು ಮಧ್ಯಾಹ್ನದಲ್ಲಿ ಆರು ಸಲ ಕಂಟೇನರ್ ಕಟ್ಟಿದವನಿಗೆ ಆ ಬಾಗಿಲು ಒಂದು ದಿನಕ್ಕೂ ಹೆಚ್ಚು ಹೊತ್ತು ಮುಚ್ಚಿರುತ್ತದೆ. ಮೂಲದಲ್ಲಿಲ್ಲದ ಮಾಡ್ಯೂಲ್ ಬೇಕಾದರೆ ಕ್ಯಾಡಿಯನ್ನೇ ಅದರೊಂದಿಗೆ ಮತ್ತೆ ಕಟ್ಟಬೇಕು. ಹಾಗೆ ಕಟ್ಟಿದ್ದನ್ನು ಅಪ್‌ಡೇಟ್ ಮಾಡುವ ಹೊಣೆ ನಿಮ್ಮದೇ ಆಗುತ್ತದೆ. ಭಾರಿ ಒತ್ತಡದಲ್ಲಿ ಎಂಜಿನ್‌ಎಕ್ಸ್‌ಗಿಂತ ಹೆಚ್ಚು ಮೆಮೊರಿ ಬೇಡುತ್ತದೆ. ಮಿಗಿಲಾಗಿ, ಕೆಟ್ಟಾಗ ನೋಡಬಲ್ಲವರು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಕಡಿಮೆ, ಆದರೆ ಇಡೀ ಹೊಂದಿಕೆ ನಾಲ್ಕೈದು ಸಾಲಿನದ್ದಾದ್ದರಿಂದ ಹೊಸಬರು ಅರ್ಧ ದಿನದಲ್ಲಿ ಕಲಿಯುತ್ತಾರೆ.

ಉಳಿದವು

ಹಂಚಿಕೆಯ ಹೋಸ್ಟಿಂಗ್‌ನಲ್ಲಿ (ಒಂದೇ ಯಂತ್ರವನ್ನು ಹಲವು ತಾಣಗಳು ಹಂಚಿಕೊಳ್ಳುವ ಬಾಡಿಗೆ ಸೇವೆಯಲ್ಲಿ), ಸಿಪ್ಯಾನೆಲ್‌ನಂಥ ಪ್ಯಾನೆಲ್ ಮೂಲಕ ತಾಣ ನಡೆಸುವವರಿಗೆ ಈ ಆಯ್ಕೆಯೇ ಇಲ್ಲ. ಅಲ್ಲಿ ಅಪಾಚೆಯೋ ಲೈಟ್‌ಸ್ಪೀಡೋ ಎಂಬುದನ್ನು ಹೋಸ್ಟಿಂಗ್‌ನವರೇ ತೀರ್ಮಾನಿಸಿರುತ್ತಾರೆ. ಅವರಲ್ಲಿ ಕೇಳಬೇಕಾದದ್ದು ಸರ್ಟಿಫಿಕೇಟ್ ಉಚಿತವಾಗಿ ತಾನೇ ನವೀಕರಣವಾಗುತ್ತದೆಯೇ ಎಂಬುದೊಂದೇ. ವರ್ಷಕ್ಕೆ ಸಾವಿರಾರು ರೂಪಾಯಿ ಬೇರೆ ಕೇಳಿದರೆ ಹೋಸ್ಟಿಂಗ್ ಬದಲಾಯಿಸುವುದು ಒಳ್ಳೆಯದು, ಏಕೆಂದರೆ ಹಣ ಕೊಟ್ಟ ಸರ್ಟಿಫಿಕೇಟಿನ ಎನ್‌ಕ್ರಿಪ್ಷನ್ ಉಚಿತದ್ದಕ್ಕಿಂತ ಗಟ್ಟಿಯಿರುವುದಿಲ್ಲ. ಸ್ವಂತ ಯಂತ್ರದಲ್ಲಿ ವರ್ಡ್‌ಪ್ರೆಸ್ಸೊಂದನ್ನೇ ವೇಗವಾಗಿ ಓಡಿಸಬೇಕಾದವರು ಓಪನ್‌ಲೈಟ್‌ಸ್ಪೀಡ್ ನೋಡಬಹುದು. ಎಚ್‌ಟಿ ಆ್ಯಕ್ಸೆಸ್‌ನ ವಿಳಾಸ ತಿರುಗಿಸುವ ನಿಯಮಗಳನ್ನಷ್ಟೇ ಅದು ಓದುತ್ತದೆ, ತಿದ್ದಿದಾಗ ಮರುಚಾಲನೆ ಬೇಕು, ಮತ್ತು ಅದರ ನಿರ್ವಹಣೆಯ ಪುಟ ಇರುವ 7080 ಪೋರ್ಟನ್ನು ಹೊರಜಗತ್ತಿಗೆ ತೆರೆದಿಡಲೇಬಾರದು.

ವಿಂಡೋಸ್‌ನದೇ ವೆಬ್ ಸರ್ವರ್ ಆದ ಐಐಎಸ್ ಬೇಕಾಗುವುದು ಡಾಟ್‌ನೆಟ್‌ನ ಹಳೆಯ ತಂತ್ರಾಂಶ ಇರುವವರಿಗೆ ಮಾತ್ರ. ಇದರಲ್ಲಿ ಟಿಎಲ್‌ಎಸ್ ಆವೃತ್ತಿ ನಿರ್ಧಾರವಾಗುವುದು ವಿಂಡೋಸ್‌ನಿಂದಲೇ, 1.3 ಬೇಕಾದರೆ ವಿಂಡೋಸ್ ಸರ್ವರ್ 2022 ಅಥವಾ ಅದರ ನಂತರದ್ದು ಇರಬೇಕು, ಅದಕ್ಕೆ ಪರವಾನಗಿಯ ಹಣ ತೆರಬೇಕು. ಚಿಂತಾಮಣಿಯ ಸಂಘದಲ್ಲಿದ್ದದ್ದು ವಿಂಡೋಸ್ ಸರ್ವರ್ 2012 ಆರ್‌2. ಅದಕ್ಕೆ ಸಾಮಾನ್ಯ ಬೆಂಬಲ ಮಾತ್ರವಲ್ಲ, ವಿಸ್ತರಿತ ಬೆಂಬಲವೂ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. ಹೊಸ ತಂತ್ರಾಂಶಕ್ಕೆ ಹಣ ಒದಗುವವರೆಗೆ ನಾನು ಸೂಚಿಸಿದ್ದು, ಆ ಯಂತ್ರವನ್ನು ಇಂಟರ್ನೆಟ್ಟಿನಿಂದ ಪೂರ್ತಿ ಮರೆಮಾಡಿ, ಅದರ ಮುಂದೆ ಲಿನಕ್ಸ್ ಹಾಕಿದ ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಕ್ಯಾಡಿಯನ್ನು ನಿಲ್ಲಿಸುವುದು. ಇದು ತೇಪೆಯೇ ಹೊರತು ಹೊಸ ಬಟ್ಟೆಯಲ್ಲ ಎಂದು ಆಡಳಿತ ಮಂಡಳಿಗೆ ಬರವಣಿಗೆಯಲ್ಲೇ ಕೊಟ್ಟಿದ್ದೇನೆ.

ಹೀಗೆ ಕಚೇರಿಯಲ್ಲೇ ಸರ್ವರ್ ಇಡುವವರು ತಮ್ಮ ಫೈಬರ್ ಸಂಪರ್ಕಕ್ಕೆ ಸ್ವಂತ ಸಾರ್ವಜನಿಕ ಐಪಿ ವಿಳಾಸ ಇದೆಯೇ ಎಂದು ಮೊದಲು ವಿಚಾರಿಸಬೇಕು. ತಾಲ್ಲೂಕು ಕೇಂದ್ರಗಳ ಅನೇಕ ಸಂಪರ್ಕಗಳಲ್ಲಿ ಒಂದೇ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚಿರುತ್ತಾರೆ. ಹಾಗಿದ್ದಲ್ಲಿ ಹೊರಗಿನಿಂದ ಯಾರೂ ನಿಮ್ಮ 80 ಅಥವಾ 443ನೇ ಪೋರ್ಟನ್ನು ತಲುಪಲಾಗದು, ಆದ್ದರಿಂದ ಸರ್ಟಿಫಿಕೇಟ್ ಕೊಡುವ ಮುನ್ನದ ಸಾಮಾನ್ಯ ಪರಿಶೀಲನೆಯೂ ಸೋಲುತ್ತದೆ. ತಾಣ ಕಚೇರಿಯೊಳಗಿನ ಬಳಕೆಗೆ ಮಾತ್ರ ಎಂದಾದರೆ ಡಿಎನ್‌ಎಸ್ (ಡೊಮೈನ್ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ದಾಖಲೆಯ ಮೂಲಕ ಒಡೆತನ ತೋರಿಸಿ ಸರ್ಟಿಫಿಕೇಟ್ ಪಡೆಯುವ ದಾರಿಯಿದೆ. ಸರ್ಟ್‌ಬಾಟ್‌ಗೆ ಇದಕ್ಕಾಗಿ ಪ್ಲಗಿನ್‌ಗಳಿವೆ. ಕ್ಯಾಡಿಗೆ ನಾನು ಮೇಲೆ ಹೇಳಿದಂತೆ ಮಾಡ್ಯೂಲ್ ಸೇರಿಸಿ ಕಟ್ಟಬೇಕು. ಹೊರಗಿನವರೂ ಬಳಸಬೇಕಾದರೆ ಸ್ಥಿರ ಐಪಿಗೆ ಹಣ ಕೊಡುವುದೋ ಬಾಡಿಗೆ ಯಂತ್ರಕ್ಕೆ ಹೋಗುವುದೋ ಲೆಕ್ಕ ಹಾಕಿ. ಹೆಚ್ಚಿನ ಸಲ ಎರಡನೆಯದೇ ಅಗ್ಗ, ಕರೆಂಟು ಹೋಗುವ ಚಿಂತೆಯೂ ಇರುವುದಿಲ್ಲ.

ಲಾಗ್ ಮತ್ತು ಹಳೆಯ ಫೋನ್

ಸರ್ಟ್-ಇನ್ ಎಂದು ಕರೆಯುವ ಕೇಂದ್ರ ಸರ್ಕಾರದ ತುರ್ತು ಸ್ಪಂದನಾ ತಂಡವು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಭದ್ರತಾ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತಕ್ಕ ರಕ್ಷಣೆ ಮಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಇಲ್ಲಿ ಮೂರೂ ಸರ್ವರ್‌ಗಳು ಹಿಂದೆ ಬೀಳುತ್ತವೆ. ಡೆಬಿಯನ್, ಉಬುಂಟುಗಳಲ್ಲಿ ಹಾಕಿದ ಅಪಾಚೆ, ಎಂಜಿನ್‌ಎಕ್ಸ್‌ಗಳ ಲಾಗ್ ದಿನಕ್ಕೊಂದರಂತೆ 14 ಕಡತ ಮಾತ್ರ ಉಳಿದು ಹಳೆಯದು ಅಳಿಯುತ್ತದೆ. ಕ್ಯಾಡಿಯಂತೂ, ಯಾರು ಯಾವ ಪುಟ ಕೇಳಿದರು ಎಂಬ ಲಾಗನ್ನು ನೀವಾಗಿ ಹೇಳುವವರೆಗೆ ಬರೆಯುವುದೇ ಇಲ್ಲ. ಹೇಳಿದ ಮೇಲೂ 90 ದಿನಕ್ಕಿಂತ ಹಳೆಯದನ್ನು ಅಳಿಸುತ್ತದೆ. ಯಾವುದನ್ನೇ ಆರಿಸಿದರೂ ಮೊದಲ ದಿನವೇ ಈ ಅಂಕಿಯನ್ನು ತಿದ್ದಿ, ಡಿಸ್ಕಿನಲ್ಲಿ ಅಷ್ಟು ಜಾಗವಿದೆಯೇ ನೋಡಿಕೊಳ್ಳಿ.

ಮಂಡಿಯವರಿಗೆ ಎದುರಾದ ತೊಡಕು ಬೇರೆ. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನ್‌ಗಳಿಗೆ ಲೆಟ್ಸ್ ಎನ್‌ಕ್ರಿಪ್ಟ್‌ನ ಮೂಲ ಸರ್ಟಿಫಿಕೇಟಿನ (ಅದು ಕೊಡುವ ಉಳಿದೆಲ್ಲವನ್ನೂ ನಂಬಲು ಆಧಾರವಾದದ್ದರ) ಪರಿಚಯವಿಲ್ಲ. ಅವುಗಳಿಗಾಗಿ ಮಾಡಿದ್ದ ತಾತ್ಕಾಲಿಕ ಏರ್ಪಾಡು 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಮಗ ಬಿಟ್ಟುಕೊಟ್ಟ ಹಳೆಯ ಫೋನನ್ನೇ ಬಳಸುವ ರೈತರು ಶ್ರೀನಿವಾಸಪುರದಲ್ಲಿ ಬೇಕಾದಷ್ಟು ಜನರಿದ್ದಾರೆ. ಇದು ಸರ್ವರಿನ ದೋಷವಲ್ಲವಾದ್ದರಿಂದ ಸರ್ವರ್ ಬದಲಾಯಿಸಿ ಪ್ರಯೋಜನವಿಲ್ಲ; ಹಳೆಯ ಫೋನ್‌ಗಳೂ ನಂಬುವ ಮೂಲವಿರುವ ಬೇರೆ ಪ್ರಾಧಿಕಾರದಿಂದ ತರಿಸುವಂತೆ ಕ್ಯಾಡಿಗೋ ಸರ್ಟ್‌ಬಾಟ್‌ಗೋ ಹೇಳಬೇಕು. ಅದನ್ನು ತೀರ್ಮಾನಿಸುವ ಮುನ್ನ ಗೇಟಿನಲ್ಲಿ ನಿಂತು ಹತ್ತು ಜನರ ಫೋನಿನಲ್ಲಿ ಪುಟ ತೆರೆಸಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

ಯಾರಿಗೆ ಯಾವುದು

ವರ್ಡ್‌ಪ್ರೆಸ್, ಮೂಡಲ್ ಎರಡೂ ಇದ್ದು, ಹಲವು ವಿಭಾಗಗಳು ಕೈಹಾಕುವ ತುಮಕೂರಿನ ಕಾಲೇಜಿಗೆ ನಾನು ಅಪಾಚೆಯಲ್ಲೇ ಇರಿ ಎಂದೆ. ಈವೆಂಟ್ ಕ್ರಮಕ್ಕೆ ಬದಲಾಯಿಸಿ, ಸರ್ಟ್‌ಬಾಟ್‌ಗೆ ರೀಲೋಡ್ ಸಾಲು ಸೇರಿಸಿ, ಹೊರಗಿನಿಂದ ದಿನವೂ ಸರ್ಟಿಫಿಕೇಟಿನ ಕೊನೆಯ ದಿನಾಂಕ ನೋಡಿ ಸಂದೇಶ ಕಳುಹಿಸುವ ಏರ್ಪಾಡು ಮಾಡಿದರೆ ಅವರಿಗೆ ಹೊಸ ಖರ್ಚಿಲ್ಲ. ಸದಾ ಒಬ್ಬ ತಿಳಿದವರು ಕೈಗೆ ಸಿಗುವ, ಒಂದೇ ಹೊತ್ತಿಗೆ ಜನ ಮುಗಿಬೀಳುವ, ಮೆಮೊರಿ ಕಡಿಮೆಯಿರುವ ಕಡೆ ಎಂಜಿನ್‌ಎಕ್ಸ್ ಸರಿ. ಶ್ರೀನಿವಾಸಪುರದ ಮಂಡಿಯಂತೆ, ಒಂದೆರಡು ತಂತ್ರಾಂಶ, ಸುಗ್ಗಿ ಮುಗಿದ ಮೇಲೆ ಎಂಟು ತಿಂಗಳು ಯಾರೂ ತಿರುಗಿ ನೋಡದ ಸರ್ವರ್, ಮಾಡಿಕೊಟ್ಟವನು ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಿರುವ ಸಾಧ್ಯತೆ ಇವೆಲ್ಲ ಇದ್ದಲ್ಲಿ ನಾನು ಎರಡನೆಯ ಯೋಚನೆಯಿಲ್ಲದೆ ಕ್ಯಾಡಿ ಹಾಕುತ್ತೇನೆ. ಎಂಜಿನ್‌ಎಕ್ಸ್‌ನಲ್ಲಿ ಉಳಿಸುವ ಮೆಮೊರಿಯ ಬೆಲೆ ತಿಂಗಳಿಗೆ ಕೆಲವು ನೂರು ರೂಪಾಯಿ. ಸುಗ್ಗಿಯ ಮೊದಲ ದಿನ ಪುಟ ತೆರೆಯದಿದ್ದರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು.

ಇನ್ನೂ ಮನಸ್ಸು ನಿಲ್ಲದವರು ಮುಖ್ಯ ತಾಣವನ್ನು ಮುಟ್ಟದೆ, ‘ಪರೀಕ್ಷೆ’ ಎಂಬ ಉಪಡೊಮೈನ್ ಮಾಡಿ ಅದರಲ್ಲಿ ಹೊಸ ಸರ್ವರನ್ನು ಕನಿಷ್ಠ ಒಂದು ನವೀಕರಣ ದಾಟುವವರೆಗೆ ಓಡಿಸಲಿ; 90 ದಿನದ ಸರ್ಟಿಫಿಕೇಟ್ ಆದರೆ ಸುಮಾರು ಎರಡು ತಿಂಗಳಿಗೆ ಅದು ಗೊತ್ತಾಗುತ್ತದೆ. ಸ್ಥಳಾಂತರದ ದಿನ ಹಳೆಯ ಎಚ್‌ಟಿ ಆ್ಯಕ್ಸೆಸ್ ಕಡತಗಳನ್ನೆಲ್ಲ ಹುಡುಕಿ, ಒಂದೊಂದು ತಡೆಗೂ ಹೊಸ ಸರ್ವರಿನಲ್ಲಿ ಸಮನಾದ ನಿಯಮ ಬರೆದಿದ್ದೀರೆಂದು ಖಚಿತಪಡಿಸಿಕೊಳ್ಳಿ. ಇನ್ನು ಮುಂದೆ ಈ ತಾಣಕ್ಕೆ ಸುರಕ್ಷಿತ ಸಂಪರ್ಕದಲ್ಲೇ ಬರಬೇಕೆಂದು ಬ್ರೌಸರಿಗೆ ನೆನಪಿಡಲು ಹೇಳುವ ಎಚ್‌ಎಸ್‌ಟಿಎಸ್ ಹೆಡರನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ, ಅದೂ ಮೊದಲು 300 ಸೆಕೆಂಡಿನ ಅವಧಿಗೆ. ಒಂದು ವಾರ ಯಾವ ದೂರೂ ಬರದಿದ್ದರೆ ಒಂದು ದಿನಕ್ಕೆ, ಅನಂತರ ಒಂದು ತಿಂಗಳಿಗೆ, ಆಮೇಲೆ ಒಂದು ವರ್ಷಕ್ಕೆ ಏರಿಸಿ. ಉಪಡೊಮೈನ್‌ಗಳನ್ನೂ ಸೇರಿಸುವ ಆಯ್ಕೆಯನ್ನು, ಹಾಸ್ಟೆಲಿನದ್ದೋ ಗ್ರಂಥಾಲಯದ್ದೋ ಎನ್‌ಕ್ರಿಪ್ಷನ್ ಇಲ್ಲದ ಹಳೆಯ ಪುಟವೊಂದು ಎಲ್ಲಿಯೂ ಉಳಿದಿಲ್ಲವೆಂದು ನೋಡಿದ ಮೇಲಷ್ಟೇ ಒತ್ತಿ, ಏಕೆಂದರೆ ಒಮ್ಮೆ ನೆನಪಿಟ್ಟ ಬ್ರೌಸರ್ ಆ ಒಂದು ವರ್ಷ ಮುಗಿಯುವವರೆಗೆ ಅಂಥ ಪುಟವನ್ನು ತೆರೆಯುವುದಿಲ್ಲ.